ಗರಗಸದ ಎರಡು ಮಗ್ಗುಲು

ಮರದ ಬಟ್ಟಲನ್ನು ಮಾಡುವ ಬಗೆಗಳು ಹಲವು. ಚನ್ನಪಟ್ಟಣದ ಕುಶಲಿಗರು ಬೊಂಬೆಗಳನ್ನು ಮಾಡುವಂತೆ ಮರದ ತುಂಡನ್ನು ತಿರುಗಣೆಗೆ ಕಚ್ಚಿಸಿ, ಅದು ಸುತ್ತುತ್ತಿರುವಾಗ ಉಳಿಯನ್ನು ಒಡ್ಡಿ ಕಡೆಯುವುದು ಒಂದು ಬಗೆ. ಹಳೆಯ ಮನೆಗಳಲ್ಲಿ ಬಳಸುತ್ತಿದ್ದ ಮರಿಗೆಗಳಂತೆ ದಿಮ್ಮಿಯನ್ನು ಬಾಚಿಯಿಂದ ತೋಡಿ ತೆಗೆಯುವುದು ಇನ್ನೊಂದು ಬಗೆ. ಈ ಎರಡರಲ್ಲಿಯೂ ಬಟ್ಟಲಿನ ಹೊಟ್ಟೆ ಎಷ್ಟು ಆಳವಾಗಿರುವುದೋ ಅಷ್ಟು ಮರ ಸಿಪ್ಪೆಯಾಗಿ ನೆಲಕ್ಕೆ ಬೀಳುವುದು. ಬಟ್ಟಲಿನಲ್ಲಿ ನಮಗೆ ಉಪಯೋಗಕ್ಕೆ ಬರುವುದು ಅದರ ಟೊಳ್ಳು. ಆ ಟೊಳ್ಳಿನಲ್ಲಿದ್ದ ಮರವಾದರೋ ಒಲೆಯ ಪಾಲಾಗುವುದು.

ಮೂರನೆಯ ಬಗೆಯೊಂದುಂಟು. ನಾನು ವೃತ್ತಿಯಿಂದ ಬಡಗಿಯಲ್ಲವಾದರೂ ಬಿಡುವಿನ ವೇಳೆಯಲ್ಲಿ ಕೆಲವು ವರ್ಷಗಳಿಂದ ಕೈಯಾಡಿಸುತ್ತಿರುವುದು ಇದರಲ್ಲಿ. ಇದಕ್ಕೆ ದಿಮ್ಮಿ ಬೇಡ, ಒಂದು ಚಪ್ಪಟೆಯಾದ ಹಲಗೆ ಸಾಕು. ದಾರದಂತೆ ಸಣ್ಣದಾದ ಅಲಗುಳ್ಳ ಗರಗಸವೊಂದು ಬೇಕು. ಇಂದಿನ ಪೇಟೆಯಲ್ಲಿ ಅದಕ್ಕೆ ಸ್ಕ್ರಾಲ್ ಸಾ ಎಂದು ಹೆಸರು. ಅಲಗು ಚಿಕ್ಕದೊಂದು ಮೇಜಿನ ನಡುವೆ ವಿದ್ಯುತ್ತಿನ ಬಲದಿಂದ ಮೇಲಕ್ಕೂ ಕೆಳಕ್ಕೂ ಆಡುತ್ತಿರುವುದು. ಹಲಗೆಯ ಮೇಲೆ ಒಂದರೊಳಗೊಂದು ವೃತ್ತಗಳನ್ನೆಳೆದು, ಮೇಜನ್ನು ತುಸು ವಾಲಿಸಿ, ಆ ಓರೆಯಲ್ಲಿಯೇ ಒಂದೊಂದು ವೃತ್ತವನ್ನೂ ಕೊಯ್ಯಬೇಕು. ಒಳಗಿನ ವೃತ್ತಕ್ಕೆ ಅಲಗನ್ನು ಇಳಿಸುವುದಕ್ಕಾಗಿ ಅದೇ ಓರೆಯಲ್ಲಿ ಬೈರಿಗೆಯಿಂದ ಸಣ್ಣ ರಂಧ್ರವೊಂದನ್ನು ಕೊರೆದು, ಅಲಗಿನ ಒಂದು ತುದಿಯನ್ನು ಬಿಚ್ಚಿ, ರಂಧ್ರದಲ್ಲಿ ಪೋಣಿಸಿ, ಮತ್ತೆ ಬಿಗಿಯಬೇಕು. ಹೀಗೆ ಕೊಯ್ದಾಗ ಹಲಗೆಯು ಬಳೆಬಳೆಯಾಗಿ ಬಿಡುತ್ತದೆ. ದೊಡ್ಡ ಬಳೆಯ ಅಡಿಗೆ ಅದಕ್ಕಿಂತ ಚಿಕ್ಕದನ್ನು, ಅದರ ಅಡಿಗೆ ಇನ್ನೂ ಚಿಕ್ಕದನ್ನು ಜೋಡಿಸಿ ಅಂಟಿಸಿದರೆ ಚಪ್ಪಟೆಯಾಗಿದ್ದ ಹಲಗೆ ಆಳವುಳ್ಳ ಬಟ್ಟಲಾಗುವುದು.

ಇದರ ಲೆಕ್ಕ ಸುಲಭವಾದುದು. ಬಳೆಯ ಅಗಲವನ್ನು ಹಲಗೆಯ ದಪ್ಪದಿಂದ ಭಾಗಿಸಿದರೆ ಬರುವ ಸಂಖ್ಯೆಯು ಮೇಜನ್ನು ಎಷ್ಟು ವಾಲಿಸಬೇಕೆಂಬುದನ್ನು ತಿಳಿಸುತ್ತದೆ. ಹಲಗೆ ಮುಕ್ಕಾಲು ಅಂಗುಲ ದಪ್ಪವೂ ಬಳೆ ಕಾಲು ಅಂಗುಲ ಅಗಲವೂ ಇದ್ದರೆ ಓರೆಯು ಸುಮಾರು 18½ ಡಿಗ್ರಿ. ಆಗ ಮೇಲಿನ ಬಳೆಯ ಕೆಳಗಣ ಅಂಚೂ ಕೆಳಗಿನ ಬಳೆಯ ಮೇಲಣ ಅಂಚೂ ಕೂಡಿಕೊಳ್ಳುವುವು. 8 ಅಂಗುಲದ ಹಲಗೆಯಿಂದ ಐದು ಬಳೆಗಳೂ ತಳಕ್ಕೆ ಒಂದು ಬಿಲ್ಲೆಯೂ ದೊರೆತು, 4½ ಅಂಗುಲ ಎತ್ತರದ ಬಟ್ಟಲು ಏಳುವುದು. ಅಂಟು ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ ಎಣ್ಣೆ ಹಚ್ಚುವುದಷ್ಟೇ ಉಳಿದ ಕೆಲಸ. ನಷ್ಟವಾಗುವುದು ಅಲಗು ಹಾದುಹೋದ ದಾರಿಯಷ್ಟು ಮರ, ಉಜ್ಜಿದ ಪುಡಿ, ಮೂಲೆಗಳ ನಾಲ್ಕು ಚೂರು. ಒಂದು ಬಳೆಯ ಒಳಗೆ ಬೇಡವೆಂದು ಬಿಟ್ಟದ್ದೇ ಮುಂದಿನ ಬಳೆಯಾಗಿ ಬರುವುದರಲ್ಲಿ ಈ ಕೆಲಸದ ಸೊಗಸೆಲ್ಲ ಅಡಗಿದೆ.

ಈ ಕೆಲಸದಲ್ಲಿ ತೊಡಗಿರುವಾಗ ನನ್ನ ಮನಸ್ಸು ಹಲವು ಸಲ ಮುನ್ನೂರು ವರ್ಷಗಳ ಹಿಂದಿನ ಪ್ಯಾರಿಸ್ ನಗರದ ಮರಗೆಲಸದವನೊಬ್ಬನ ಕಡೆಗೆ ಹರಿಯುವುದುಂಟು. ಅವನು ಆಂದ್ರೆ ಶಾರ್ಲ್ ಬೂಲ್. ಅವನು ಬಟ್ಟಲು ಮಾಡಿದವನೆಂದು ನಾನು ಹೇಳಹೊರಟಿಲ್ಲ. ಅವನು ಮಾಡಿದ್ದು ಅರಸರ ಮನೆಯ ಪೀಠೋಪಕರಣಗಳನ್ನು. ಆದರೆ ಗರಗಸದ ಎಳೆಯ ಆಚೆಗೆ ಉಳಿಯುವುದೂ ಈಚೆಗೆ ಉಳಿಯುವುದೂ ಎರಡೂ ಸಮವಾಗಿ ಬೆಲೆಯುಳ್ಳವೆಂಬ ತತ್ತ್ವದ ಮೇಲೆ ತನ್ನ ಇಡೀ ಕಸುಬನ್ನು ನಿಲ್ಲಿಸಿ, ಅದಕ್ಕೆ ತನ್ನ ಹೆಸರನ್ನೇ ಬಿಟ್ಟುಹೋದವನು ಅವನು. ಅವನ ಜೀವನವೂ ಅವನ ಕಸುಬಿನಷ್ಟೇ ವಿಚಿತ್ರವಾದುದು. ಆದಕಾರಣ ವಾಚಕರಿಗೆ ಅದನ್ನು ತಿಳಿಸಬೇಕೆಂದೆನಿಸಿತು.

ಬೂಲನು 1642ರ ನವೆಂಬರಿನಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದನು. ಮುಂದೆ ಅವನ ಒಡೆಯನಾಗಲಿದ್ದ ಹದಿನಾಲ್ಕನೆಯ ಲೂಯಿಗೆ ಆಗ ನಾಲ್ಕು ವರ್ಷ. ತಂದೆಯೂ ಮರಗೆಲಸದವನೇ, ಉತ್ತರದ ಗೆಲ್ಡರ್ಸ್ ಪ್ರಾಂತದಿಂದ ವಲಸೆ ಬಂದು ಪ್ಯಾರಿಸಿನಲ್ಲಿ ನೆಲೆಸಿದವನು. ಹುಡುಗನಿಗೆ ಚಿತ್ರಕಾರನಾಗಬೇಕೆಂಬ ಹಂಬಲವಿದ್ದಿತೆಂದೂ ತಂದೆಯ ಒತ್ತಾಯದಿಂದ ಕುಲಕಸುಬಿಗೆ ಇಳಿದನೆಂದೂ ಹೇಳುವುದುಂಟು. ಈ ಹೇಳಿಕೆಯನ್ನು ನಾನು ನಂಬುವವನೇ. ಏಕೆಂದರೆ ಅವನ ಮುಂದಿನ ಬಾಳಿನಲ್ಲಿ ನಡೆದ ಅನರ್ಥಗಳಿಗೆಲ್ಲ ಆ ಹಂಬಲವೇ ಬೀಜವೆಂದು ತೋರುತ್ತದೆ.

ಆ ಕಾಲದ ಪ್ಯಾರಿಸಿನಲ್ಲಿ ಕಸುಬುದಾರರ ಸಂಘಗಳ ಕಟ್ಟು ಬಹಳ ಬಿಗಿಯಾದುದು. ಮರದ ಕೆಲಸದವನು ಮರವನ್ನೇ ಮುಟ್ಟಬೇಕು. ಕಂಚನ್ನು ಎರಕ ಹೊಯ್ಯುವವನು ಬೇರೆ, ಅದಕ್ಕೆ ಚಿನ್ನದ ನೀರು ಕೊಡುವವನು ಬೇರೆ. ಒಬ್ಬನು ಇನ್ನೊಬ್ಬನ ಎಲ್ಲೆಗೆ ಕಾಲಿಟ್ಟರೆ ವ್ಯಾಜ್ಯ, ದಂಡ. ಈ ಕಟ್ಟಿನಿಂದ ಬಿಡುಗಡೆಯಿದ್ದುದು ಒಂದೇ ಎಡೆಯಲ್ಲಿ. ನಾಲ್ಕನೆಯ ಹೆನ್ರಿ ರಾಜನು 1608ರಲ್ಲಿ ಲೂವ್ರ್ ಅರಮನೆಯ ಉದ್ದನೆಯ ಪಡಸಾಲೆಯ ಕೆಳಗಿನ ಮನೆಗಳನ್ನು ಆಯ್ದ ಕಲಾವಿದರಿಗೂ ಕುಶಲಿಗರಿಗೂ ಕೊಡುವ ಏರ್ಪಾಟು ಮಾಡಿ, ಅಲ್ಲಿರುವವರ ಮೇಲೆ ಸಂಘಗಳ ಅಧಿಕಾರವು ನಡೆಯಕೂಡದೆಂದು ವಿಧಿಸಿದ್ದನು. 1672ರಲ್ಲಿ ಆ ಮನೆಗಳಲ್ಲೊಂದು ತೆರವಾಯಿತು. ಮಂತ್ರಿ ಕೋಲ್ಬೇರನು ಮೂವತ್ತರ ಒಳಗಿನ ಬೂಲನನ್ನು ತನ್ನ ಕಸುಬಿನಲ್ಲಿ ಪ್ಯಾರಿಸಿಗೇ ಮೊದಲಿಗನೆಂದು ಶಿಫಾರಸು ಮಾಡಿದನು. ಆ ವರ್ಷದ ಮೇ ತಿಂಗಳಲ್ಲಿ ಅವನಿಗೆ ಮನೆಯೂ ದೊರೆಯ ಮರಗೆಲಸದವನೆಂಬ ಪದವಿಯೂ ದೊರೆತುವು. ಮುಂದಿನ ಅರುವತ್ತು ವರ್ಷ ಅವನು ಲೂವ್ರಿನ ಆಶ್ರಯದಲ್ಲಿಯೇ ಬಾಳಿದನು.

ಇದರ ಫಲವೇನೆಂದರೆ, ಮರವನ್ನು ಕೊಯ್ಯುವ ಕೈಯೂ ಲೋಹವನ್ನು ಎರಕ ಹೊಯ್ಯುವ ಕೈಯೂ ಒಂದೇ ಸೂರಿನಡಿಯಲ್ಲಿ ಒಬ್ಬನ ಅಂಕೆಯಲ್ಲಿ ಕೆಲಸ ಮಾಡುವಂತಾಯಿತು. ಅದಿಲ್ಲದೆ ಹೋಗಿದ್ದರೆ ಬೂಲನು ಒಳ್ಳೆಯ ಬಡಗಿಯೆನ್ನಿಸಿಕೊಂಡು ಮರೆತುಹೋಗುತ್ತಿದ್ದನೋ ಏನೋ.

ಇನ್ನು ಅವನ ಕಸುಬಿನ ವಿಚಾರ. ಮೇಜಿಗೋ ಕಪಾಟಿಗೋ ಮೊದಲು ಓಕ್ ಮೊದಲಾದ ಗಟ್ಟಿ ಮರದ ಒಡಲನ್ನು ಕಟ್ಟಿ, ಅದರ ಮೇಲೆ ಬೆಲೆಬಾಳುವ ವಸ್ತುಗಳ ತೆಳುವಾದ ಹಾಳೆಗಳನ್ನು ಚಿತ್ತಾರವಾಗಿ ಹೊದಿಸುವುದು ಯುರೋಪಿನಲ್ಲಿ ಮೊದಲಿನಿಂದ ಇದ್ದ ಪದ್ಧತಿ. ಬೂಲನು ಹೆಚ್ಚಾಗಿ ಬಳಸಿದ್ದು ಆಮೆಚಿಪ್ಪನ್ನೂ ಹಿತ್ತಾಳೆಯನ್ನೂ. ಕೆಲವೆಡೆ ತವರದ ಮಿಶ್ರಲೋಹವನ್ನೂ ಸೇರಿಸುತ್ತಿದ್ದನು. ಹದ್ದಿನ ಕೊಕ್ಕಿನಂತಹ ಮೂತಿಯುಳ್ಳ ಕಡಲಾಮೆಯ ಬೆನ್ನಿನ ಫಲಕಗಳನ್ನು ಬಿಸಿನೀರಿನಲ್ಲಿ ಮೆದುಮಾಡಿ, ಒತ್ತಿ ಚಪ್ಪಟೆಗೊಳಿಸಿ, ಕಾವಿನಿಂದಲೇ ಒಂದಕ್ಕೊಂದನ್ನು ಬೆಸೆದು ದೊಡ್ಡ ಹಾಳೆ ಮಾಡುವರು. ಅದು ಅರೆ ಪಾರದರ್ಶಕವಾದುದರಿಂದ ಹಿಂಬದಿಗೆ ಕೆಂಪು ಬಣ್ಣ ಬಳಿದರೆ ಮುಂಬದಿಯಲ್ಲಿ ಕೆಂಡದ ಮೇಲೆ ಬೂದಿ ಮುಚ್ಚಿದಂತಹ ಕಾಂತಿ ಹೊಮ್ಮುವುದು.

ಆಮೆಚಿಪ್ಪಿನ ಒಂದು ಹಾಳೆ, ಅದರ ಮೇಲೆ ಹಿತ್ತಾಳೆಯ ಒಂದು ಹಾಳೆ. ಇವು ಜಾರದಂತೆ, ಚಕ್ಕೆ ಏಳದಂತೆ ಮೇಲೂ ಕೆಳಗೂ ಮೆದುಮರದ ತೆಳುಪದರ. ಎಲ್ಲದರ ಮೇಲೆ ಬಳ್ಳಿಯ ನಕ್ಷೆಯನ್ನು ಬರೆದ ಕಾಗದ. ಈ ಕಟ್ಟನ್ನು ಕಾಲಿನಿಂದ ಅದುಮಿದರೆ ಬಿಗಿಯಾಗುವ ಮರದ ಚಿಮುಟದ ಬಾಯಿಗೆ ಕೊಟ್ಟು, ಕೆಲಸಗಾರನು ಅದರ ಎದುರು ಕುಳಿತು, ಎಡಗೈಯಿಂದ ಕಟ್ಟನ್ನು ತಿರುಗಿಸುತ್ತ ಬಲಗೈಯಿಂದ ಸಣ್ಣ ಅಲಗಿನ ಗರಗಸವನ್ನು ಆಡಿಸುವನು. ಇಂದಿನ ವಿದ್ಯುತ್ ಗರಗಸಕ್ಕೆ ಅದೇ ಪೂರ್ವಜ. ನಕ್ಷೆಯ ಗೆರೆಯನ್ನು ಅನುಸರಿಸಿ ಎಲೆ, ಬಳ್ಳಿ, ಸುರುಳಿ, ಕುಣಿಯುವ ಮಂಗ, ಎಲ್ಲವೂ ಕೊಯ್ದು ಬಂದ ಮೇಲೆ ಕಟ್ಟನ್ನು ಬಿಚ್ಚಿದರೆ ಕೈಯಲ್ಲಿರುವುದು ನಾಲ್ಕು ವಸ್ತು: ಹಿತ್ತಾಳೆಯ ಬಳ್ಳಿ, ಬಳ್ಳಿಯ ಆಕಾರದ ಕಿಂಡಿಯುಳ್ಳ ಹಿತ್ತಾಳೆ, ಆಮೆಚಿಪ್ಪಿನ ಬಳ್ಳಿ, ಅದೇ ಕಿಂಡಿಯುಳ್ಳ ಆಮೆಚಿಪ್ಪು. ಆಮೆಚಿಪ್ಪಿನ ಕಿಂಡಿಯಲ್ಲಿ ಹಿತ್ತಾಳೆಯ ಬಳ್ಳಿಯನ್ನು ಕೂರಿಸಿದರೆ ಕಪ್ಪುಗೆಂಪಿನ ನೆಲದ ಮೇಲೆ ಹೊಂಬಣ್ಣದ ಚಿತ್ತಾರ. ಇದು ಮೊದಲ ಭಾಗ. ಹಿತ್ತಾಳೆಯ ಕಿಂಡಿಯಲ್ಲಿ ಆಮೆಚಿಪ್ಪಿನ ಬಳ್ಳಿಯನ್ನು ಕೂರಿಸಿದರೆ ಹೊಂಬಣ್ಣದ ನೆಲದ ಮೇಲೆ ಕಪ್ಪುಗೆಂಪಿನ ಚಿತ್ತಾರ. ಇದು ಪ್ರತಿಭಾಗ. ಒಂದು ಸಲದ ಕೊಯ್ತಕ್ಕೆ ಎರಡು ಕಪಾಟುಗಳ ಮುಖ ಸಿದ್ಧವಾಗುವುದು.

ಕೊಯ್ದ ತುಂಡುಗಳನ್ನು ಒಡಲಿಗೆ ಅಂಟಿಸುವುದೂ ಒಂದು ವಿದ್ಯೆಯೇ. ಪ್ರಾಣಿಗಳ ಚರ್ಮ ಎಲುಬುಗಳನ್ನು ಕುದಿಸಿ ಮಾಡಿದ ಬಿಸಿ ಅಂಟು ಮರವನ್ನು ಹಿಡಿಯುವಂತೆ ಲೋಹವನ್ನು ಹಿಡಿಯದು. ಆದುದರಿಂದ ಹಿತ್ತಾಳೆಯ ಹಿಂಬದಿಯನ್ನು ಒರಟು ಮಾಡಿ ಬೆಳ್ಳುಳ್ಳಿಯಿಂದ ತಿಕ್ಕುವ ರೂಢಿಯಿದ್ದಿತು. ಅಡಿಗೆಮನೆಯ ಬೆಳ್ಳುಳ್ಳಿ ಫ್ರಾನ್ಸಿನ ಅರಸನ ಮೇಜಿನೊಳಗೂ ಸೇರಿತ್ತೆಂದು ನೆನೆದರೆ ನನಗೆ ನಗು ಬರುವುದು. ಕೂರಿಸಿದ ಮೇಲೆ ಹಿತ್ತಾಳೆಯ ಮೇಲೆ ಸೂಕ್ಷ್ಮವಾದ ಗೆರೆಗಳನ್ನು ಕೆತ್ತಿ, ಅವುಗಳಲ್ಲಿ ಕಪ್ಪು ತುಂಬಿ, ಎಲೆಗೆ ನರಗಳನ್ನೂ ಮುಖಕ್ಕೆ ಕಣ್ಣುಗಳನ್ನೂ ಕೊಡುವರು. ಮೂಲೆಗಳು ಸವೆಯದಂತೆ ಚಿನ್ನದ ನೀರು ಕೊಟ್ಟ ಕಂಚಿನ ಅಚ್ಚುಗಳನ್ನು ಜಡಿಯುವರು. ಈ ಕಂಚಿನ ಭಾಗದಲ್ಲಿ ಬೂಲನನ್ನು ಮೀರಿಸಿದವರು ಕಡಿಮೆ. ಅವು ಕೇವಲ ಅಲಂಕಾರವಾಗಿರದೆ ಪುಟ್ಟ ಶಿಲ್ಪಗಳೇ ಆಗಿರುವುವು.

ಈ ವಿಧಾನವನ್ನು ಬೂಲನೇ ಕಂಡುಹಿಡಿದನೆಂದು ಹಲವರು ತಿಳಿದಿರುವರು. ಅದು ಸರಿಯಲ್ಲ. ಇಟಲಿಯಲ್ಲಿಯೂ ಫ್ಲಾಂಡರ್ಸಿನಲ್ಲಿಯೂ ಅದು ಮೊದಲೇ ಬಳಕೆಯಲ್ಲಿತ್ತು; ಪ್ಯಾರಿಸಿನಲ್ಲಿಯೇ ಪಿಯೇರ್ ಗೋಲನೆಂಬ ಹಿರಿಯ ಕುಶಲಿಗನು ಆಮೆಚಿಪ್ಪು ಹಿತ್ತಾಳೆಗಳ ಕೆಲಸವನ್ನು ಬೂಲನಿಗಿಂತ ಮುಂಚೆ ಮಾಡಿದ್ದನು. ಬೂಲನು ಅದನ್ನು ಇನ್ನು ಮುಂದಕ್ಕೆ ಹೋಗಲಾರದೆಂಬ ಹಂತಕ್ಕೆ ಒಯ್ದನು. ಹೆಸರು ಅವನಿಗೆ ಅಂಟಿಕೊಂಡಿತು.

ಬಟ್ಟಲಿನ ಕೆಲಸ ಮಾಡುವವರಿಗೆ ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಅಲಗು ಎಷ್ಟೇ ಸಣ್ಣದಾಗಿದ್ದರೂ ತಾನು ಹೋದ ದಾರಿಯಲ್ಲಿ ಒಂದು ಸಂದನ್ನು ಬಿಟ್ಟೇ ಹೋಗುವುದು. ಗರಗಸವನ್ನು ನೆಟ್ಟಗೆ ಹಿಡಿದು ಕೊಯ್ದರೆ ಬಳ್ಳಿಗೂ ಕಿಂಡಿಗೂ ನಡುವೆ ಆ ಸಂದು ಕಾಣುವುದು. ಅದನ್ನು ಬಣ್ಣ ಬೆರೆಸಿದ ಅಂಟಿನಿಂದ ತುಂಬಬೇಕು. ಓರೆಯಾಗಿ ಕೊಯ್ದರೆ ಮೇಲಿನ ತುಂಡು ಕೆಳಗಿನ ಕಿಂಡಿಗೆ ಬಿರಡೆಯಂತೆ ಇಳಿದು ಸಂದು ಮಾಯವಾಗುವುದು. ಹಾಗಾದರೆ ಓರೆಯ ಕೊಯ್ತವೇ ಮೇಲಲ್ಲವೇ ಎಂದು ಕೇಳಬಹುದು. ಓರೆಯಲ್ಲಿ ಕೊಯ್ದಾಗ ಒಂದು ಜೋಡಿ ಬಿಗಿಯಾಗಿ ಕೂಡಿದಷ್ಟೂ ಇನ್ನೊಂದು ಜೋಡಿ ಸಡಿಲವಾಗಿ, ಪ್ರತಿಭಾಗವು ಕೆಲಸಕ್ಕೆ ಬಾರದೆ ಹೋಗುವುದು. ಎರಡೂ ಬೇಕಾದರೆ ನೆಟ್ಟಗೆ ಕೊಯ್ದು ಎರಡರಲ್ಲಿಯೂ ಕೂದಲೆಳೆಯಷ್ಟು ಸಂದನ್ನು ಒಪ್ಪಿಕೊಳ್ಳಬೇಕು. ಬೂಲನು ಒಪ್ಪಿಕೊಂಡನು. ಬಟ್ಟಲಿಗೆ ಪ್ರಾಣವಾದ ಓರೆಯೇ ಅವನ ಕೆಲಸಕ್ಕೆ ಮಾರಕವಾಗಿದ್ದಿತು. ಗುರಿ ಮಾತ್ರ ಒಂದೇ: ಕೊಯ್ದದ್ದರಲ್ಲಿ ಯಾವುದನ್ನೂ ಬಿಸಾಡಕೂಡದು.

ಒಂದು ಮಾತನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. ಚೂರು ಚಿಪ್ಪನ್ನೂ ವ್ಯರ್ಥ ಮಾಡದ ಈ ಕಲೆಗಾಗಿ ಸತ್ತ ಕಡಲಾಮೆಗಳ ಲೆಕ್ಕವನ್ನು ಯಾರೂ ಇಡಲಿಲ್ಲ. ಆ ಜಾತಿಯ ಆಮೆ ಇಂದು ಅಳಿವಿನ ಅಂಚಿನಲ್ಲಿದ್ದು, ಅದರ ಚಿಪ್ಪಿನ ಅಂತರರಾಷ್ಟ್ರೀಯ ವ್ಯಾಪಾರವು ನಿಷಿದ್ಧವಾಗಿದೆ. ಮಿತವ್ಯಯವೆಂಬುದು ನಾವು ಲೆಕ್ಕವನ್ನು ಎಲ್ಲಿಂದ ಆರಂಭಿಸುತ್ತೇವೆಂಬುದನ್ನು ಅವಲಂಬಿಸಿದೆ.

ಲೂವ್ರಿಗೆ ಬಂದ ಹತ್ತು ವರ್ಷಗಳೊಳಗೆ ಬೂಲನಿಗೆ ಅವನ ಜೀವನದ ಅತಿ ದೊಡ್ಡ ಕೆಲಸ ದೊರೆಯಿತು. ದೊರೆಯ ಹಿರಿಯ ಮಗನಿಗಾಗಿ ವರ್ಸೇಯ ಅರಮನೆಯ ಕೋಣೆಯೊಂದನ್ನು ನೆಲದಿಂದ ಗೋಡೆಯವರೆಗೆ ಚಿತ್ತಾರದ ಹೊದಿಕೆಯಿಂದ ತುಂಬುವ ಕೆಲಸವದು. 1680ರ ದಶಕದ ಮೊದಲ ವರ್ಷಗಳಲ್ಲಿ ಅದು ಸಿದ್ಧವಾಯಿತು. ಅರಮನೆಯನ್ನು ನೋಡಬಂದವರು ಅದರ ಮುಂದೆ ಬೆರಗಾಗಿ ನಿಲ್ಲುತ್ತಿದ್ದರು. ಆದರೆ ನಡೆದಾಡುವ ನೆಲಕ್ಕೆ ಮರ ಲೋಹಗಳ ತೆಳುಹಾಳೆಯನ್ನು ಹಾಸಿದರೆ ಅದು ಎಷ್ಟು ಕಾಲ ನಿಂತೀತು? ಅದನ್ನು ಮುಂದೆ ಕಿತ್ತುಹಾಕಿದರು. ಇಂದು ಅದರ ಕುರುಹೂ ಇಲ್ಲ.

ನಿಂತದ್ದು ಬೇರೆ. 1689ರಲ್ಲಿ ಯುದ್ಧದ ವೆಚ್ಚಕ್ಕಾಗಿ ಲೂಯಿಯು ತನ್ನ ಅರಮನೆಯ ಗಟ್ಟಿ ಬೆಳ್ಳಿಯ ಪೀಠೋಪಕರಣಗಳನ್ನೆಲ್ಲ ಟಂಕಸಾಲೆಗೆ ಕಳಿಸಿ ಕರಗಿಸಿಬಿಟ್ಟನು. ಬೂಲನ ಹಿತ್ತಾಳೆಯನ್ನು ಕರಗಿಸಲು ಯಾರಿಗೂ ತೋಚಲಿಲ್ಲ. ಹಾಗೆ ಉಳಿದವುಗಳಲ್ಲಿ ದಾಖಲೆಯ ಆಧಾರವುಳ್ಳವು ಕೆಲವೇ. 1708-09ರಲ್ಲಿ ದೊರೆಯ ತ್ರಿಯನೋಂ ಅರಮನೆಗಾಗಿ ಮಾಡಿದ ಖಾನೆಗಳುಳ್ಳ ಒಂದು ಜೊತೆ ಪೆಟ್ಟಿಗೆಮೇಜುಗಳು ಅಂತಹವು. ಈಗ ಅವು ವರ್ಸೇಯಲ್ಲಿವೆ. ಮೇಲೆ ಅಮೃತಶಿಲೆಯ ಭಾರ, ಮೂಲೆಗಳಲ್ಲಿ ರೆಕ್ಕೆಯುಳ್ಳ ಕಂಚಿನ ಸ್ತ್ರೀಮೂರ್ತಿಗಳು. ಆ ಭಾರವನ್ನು ನಾಲ್ಕು ಕಾಲುಗಳು ತಡೆಯಲಾರವೆಂದು ಒಳಬದಿಗೆ ಇನ್ನೂ ನಾಲ್ಕನ್ನು ಕೊಟ್ಟು ಒಟ್ಟು ಎಂಟು ಕಾಲು ಮಾಡಿದ್ದಾನೆ. ನೋಟಕ್ಕೆ ಅವು ತುಸು ಹೆಚ್ಚಾದುವೆಂದೇ ನನ್ನ ಅಭಿಪ್ರಾಯ. ಆದರೂ ಮುಂದಿನ ಶತಮಾನಗಳಲ್ಲಿ ಅಷ್ಟೊಂದು ಅನುಕರಣೆಗೆ ಒಳಗಾದ ಮೇಜು ಇನ್ನೊಂದಿರಲಾರದು.

ಇಷ್ಟು ಕೆಲಸ, ಇಂತಹ ಒಡೆಯ, ಬಾಡಿಗೆಯಿಲ್ಲದ ಮನೆ. ಬೂಲನು ಸಿರಿವಂತನಾಗಿರಬೇಕೆಂದು ವಾಚಕರು ಊಹಿಸಬಹುದು. ಅವನು ಬಾಳಿನುದ್ದಕ್ಕೂ ಸಾಲಗಾರನಾಗಿದ್ದನು. ಕುಡಿತವಲ್ಲ, ಜೂಜಲ್ಲ, ಅವನಿಗೆ ಅಂಟಿದ್ದ ಚಟ ಚಿತ್ರಗಳನ್ನು ಕೊಳ್ಳುವುದು. ಪ್ಯಾರಿಸಿನಲ್ಲಿ ಎಲ್ಲಿ ರೇಖಾಚಿತ್ರಗಳ, ಅಚ್ಚುಚಿತ್ರಗಳ ಹರಾಜು ನಡೆದರೂ ಬೂಲನು ಅಲ್ಲಿರುತ್ತಿದ್ದನು. ಕೈಯಲ್ಲಿ ಹಣವಿಲ್ಲದಿದ್ದರೆ ಸಾಲ ತಂದು ಕೂಗುತ್ತಿದ್ದನು. ಆ ಸಾಲವನ್ನು ತೀರಿಸಲು ಮತ್ತೊಂದು ಸಾಲ ಮಾಡುತ್ತಿದ್ದನು. ಚಿತ್ರಗಳ ವಿಷಯದಲ್ಲಿ ಪ್ರಮಾಣಪುರುಷನೆನಿಸಿದ ಮಾರಿಯೆತ್ ಎಂಬಾತನು ಇದೆಲ್ಲವನ್ನೂ ಮರುಕದಿಂದ ಬರೆದಿಟ್ಟಿರುವನು. ಕ್ರೋಜಾ ಎಂಬ ಮಹಾಧನಿಕನು ಹಣ ಕೊಟ್ಟೂ ಪೀಠೋಪಕರಣ ಕೈಸೇರದೆ ಬೂಲನ ಮೇಲೆ ದಾವೆ ಹೂಡಿದನು. ಕೂಲಿ ಬಾಕಿ ನಿಂತಾಗ ಅವನ ಸ್ವಂತ ಕೆಲಸಗಾರರೇ ನ್ಯಾಯಾಲಯದ ಮೆಟ್ಟಿಲೇರಿದರು. 1704ರಲ್ಲಿ ಸಾಲಿಗರು ಅವನನ್ನು ಸೆರೆಗೆ ಹಾಕಿಸುವ ಹಂತಕ್ಕೆ ಬಂದಾಗ ದೊರೆಯೇ ಅಡ್ಡ ಬಂದು ಆರು ತಿಂಗಳ ಅಭಯವನ್ನು ಕೊಟ್ಟನು. ಅಷ್ಟರೊಳಗೆ ವ್ಯವಹಾರವನ್ನು ಸರಿಪಡಿಸಿಕೊಳ್ಳಬೇಕೆಂದೂ ಇಂತಹ ಕೃಪೆ ಇದೇ ಕೊನೆಯದೆಂದೂ ಎಚ್ಚರಿಕೆಯನ್ನು ಸೇರಿಸಿದನು.

ಕೆಲಸದಲ್ಲಿ ಇಷ್ಟು ಜಿಪುಣನಾದವನು ಸಂಸಾರದಲ್ಲಿ ಇಷ್ಟು ದುಂದುಗಾರನಾದುದು ಹೇಗೆ ಎಂದು ಅವನನ್ನು ಕುರಿತು ಬರೆದವರು ಅಚ್ಚರಿಪಡುವುದುಂಟು. ನನಗೆ ಇದರಲ್ಲಿ ಅಚ್ಚರಿ ಕಾಣುವುದಿಲ್ಲ. ಅವೆರಡೂ ಒಂದೇ ಗುಣ. ಚೆಲುವಾದ ಒಂದು ಆಕಾರವನ್ನು ಕಂಡ ಮೇಲೆ ಅದನ್ನು ಬಿಟ್ಟುಕೊಡಲು ಅವನಿಂದ ಆಗುತ್ತಿರಲಿಲ್ಲ. ಅದು ತನ್ನ ಗರಗಸದಿಂದ ಉದುರಿದ ಚಿಪ್ಪಿನ ಚೂರಾಗಿದ್ದರೆ ಎತ್ತಿಟ್ಟುಕೊಳ್ಳುತ್ತಿದ್ದನು. ಹರಾಜಿನಲ್ಲಿ ಬಂದ ರಾಫೇಲನ ಗೆರೆಯಾಗಿದ್ದರೆ ಕೊಂಡುಕೊಳ್ಳುತ್ತಿದ್ದನು. ಚಿಪ್ಪನ್ನು ಎತ್ತಿಡುವುದಕ್ಕೆ ದುಡ್ಡು ಬೇಕಿಲ್ಲ, ರಾಫೇಲನಿಗೆ ಬೇಕು. ಅಷ್ಟೇ ವ್ಯತ್ಯಾಸ. ಚಿತ್ರಕಾರನಾಗಲು ಬಿಡದೆ ಹೋದ ತಂದೆಯ ಮಾತು ಕೂಡ ಇದರ ಹಿಂದೆ ಇದ್ದೀತು. ತಾನು ಬರೆಯಲಾಗದೆ ಹೋದುದನ್ನು ಅವನು ಕೊಂಡು ಕೂಡಿಟ್ಟನು. ಅವನ ಮೇಜುಗಳ ಮೇಲಣ ಬಳ್ಳಿಗಳಿಗೂ ಕಂಚಿನ ಮೂರ್ತಿಗಳಿಗೂ ಆ ಸಂಗ್ರಹವೇ ಪಾಠಶಾಲೆಯಾಗಿದ್ದಿತೆಂಬುದನ್ನೂ ಮರೆಯಬಾರದು. ಆದರೆ ಕೂಲಿ ಸಿಗದೆ ಹೋದ ಕೆಲಸಗಾರನ ಹೆಂಡತಿ ಮಕ್ಕಳಿಗೆ ಈ ವಿವರಣೆಯಿಂದ ಸಮಾಧಾನವಾಗುತ್ತಿತ್ತೆಂದು ನಾನು ಹೇಳಲಾರೆ.

1715ರಲ್ಲಿ ದೊರೆ ತೀರಿಕೊಂಡನು. ಅದೇ ವರ್ಷ ಎಪ್ಪತ್ತಮೂರರ ಬೂಲನು ತನ್ನ ಕಾರ್ಖಾನೆಯನ್ನು ನಾಲ್ವರು ಗಂಡುಮಕ್ಕಳಿಗೆ ಪತ್ರಪೂರ್ವಕವಾಗಿ ಒಪ್ಪಿಸಿದನು. ಒಪ್ಪಿಸಿದ ಮೇಲೂ ಅವನು ಸುಮ್ಮನೆ ಕುಳಿತವನಲ್ಲ. ಸಂಗ್ರಹವೂ ಬೆಳೆಯುತ್ತಲೇ ಇದ್ದಿತು.

1720ರ ಆಗಸ್ಟ್ 30ರ ರಾತ್ರಿ ಆ ಕಾರ್ಖಾನೆಗೆ ಬೆಂಕಿ ಬಿತ್ತು. ನೆರೆಯಲ್ಲಿದ್ದ ಬಡಗಿಯ ಕಡೆಯಿಂದ ಹತ್ತಿಕೊಂಡ ಬೆಂಕಿ ಒಣ ಮರ, ಅಂಟು, ಎಣ್ಣೆಗಳು ತುಂಬಿದ ಆ ಎಡೆಯನ್ನು ಹೊಕ್ಕರೆ ಕೇಳಬೇಕೆ? ಅದು ಪ್ಯಾರಿಸಿಗೇ ಕೆಟ್ಟ ವರ್ಷ. ಜಾನ್ ಲಾ ಎಂಬ ಸ್ಕಾಟ್‌ಲೆಂಡಿನವನು ಹೂಡಿದ್ದ ಕಾಗದದ ಹಣದ ವ್ಯವಸ್ಥೆ ಆಗಲೇ ಕುಸಿಯುತ್ತಿದ್ದು, ಊರಿಗೆ ಊರೇ ದಿವಾಳಿಯ ಭಯದಲ್ಲಿದ್ದಿತು. ಬೆಂಕಿ ಆರಿದ ಮೇಲೆ ಪರಿಹಾರ ಬೇಡುವುದಕ್ಕಾಗಿ ಮುದುಕನೂ ಮಕ್ಕಳೂ ಸೇರಿ ನಷ್ಟದ ಪಟ್ಟಿಯೊಂದನ್ನು ಬರೆದರು. ಮೂರು ಲಕ್ಷ ಲೀವ್ರಿಗೂ ಮೀರಿದ ಆ ಪಟ್ಟಿಯು ಇಂದಿಗೂ ಅವನ ಕಾರ್ಖಾನೆಯ ಒಳಗನ್ನು ನಮಗೆ ತೋರಿಸುವ ಬಾಗಿಲಾಗಿದೆ.

ಅದರಲ್ಲಿ ರಾಫೇಲನವೆಂದು ಅವನು ನಂಬಿದ್ದ ನಲವತ್ತೆಂಟು ರೇಖಾಚಿತ್ರಗಳಿವೆ. ರೂಬೆನ್ಸನು ಇಟಲಿಯ ಪ್ರವಾಸಕಾಲದಿಂದ ತನ್ನ ಕೈಯಿಂದಲೇ ಬರೆದು ಚಿತ್ರಿಸಿದ್ದ ಟಿಪ್ಪಣಿ ಪುಸ್ತಕವಿದೆ. ಈ ಪುಸ್ತಕದ ಒಂದೆರಡು ಹಾಳೆಗಳೂ ಬೇರೆಯವರು ಮೊದಲೇ ಮಾಡಿಕೊಂಡಿದ್ದ ಕೆಲವು ನಕಲುಗಳೂ ಹೊರತು ಬೇರೇನೂ ಉಳಿಯಲಿಲ್ಲ. ರೂಬೆನ್ಸನ ಮನಸ್ಸನ್ನು ಅರಿಯಬಯಸುವವರು ಇಂದಿಗೂ ಆ ರಾತ್ರಿಯನ್ನು ಶಪಿಸುವರು. ಗ್ರಾಹಕರಿಗೆ ಒಪ್ಪಿಸಬೇಕಾಗಿದ್ದ ಅರೆಮುಗಿದ ಮೇಜು ಕಪಾಟುಗಳಿವೆ, ಕಂಚಿನ ಅಚ್ಚುಗಳಿವೆ, ಮರದ ದಾಸ್ತಾನಿದೆ.

ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಇವಾವುದೂ ಅಲ್ಲ. ಪಟ್ಟಿಯ ನಡುವೆ ಐದು ಪೆಟ್ಟಿಗೆಗಳ ಪ್ರಸ್ತಾಪ ಬರುವುದು. ಅವುಗಳ ತುಂಬ ಸಹಜವಾದ ನಾನಾ ಬಣ್ಣಗಳ ಮರದಲ್ಲಿ ಕೊಯ್ದ ಹೂಗಳು, ಹಕ್ಕಿಗಳು, ಪ್ರಾಣಿಗಳು, ಎಲೆಗಳು; ಹೆಚ್ಚಿನವು ಹಿರಿಯ ಬೂಲನು ತನ್ನ ಯೌವನದಲ್ಲಿ ಸ್ವಂತ ಕೈಯಿಂದ ಮಾಡಿದವೆಂದು ಬರೆದಿದೆ. ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿ ಕೊಯ್ದ ಹೂವನ್ನು ಎಪ್ಪತ್ತೇಳರ ತನಕ ಕಾಪಾಡಿಟ್ಟಿದ್ದನು! ಮರದ ಹೂಗಳ ಕಾಲ ಅದಾಗಲೇ ಮುಗಿದುಹೋಗಿತ್ತು. ಜನರು ಹಿತ್ತಾಳೆಯ ಬಳ್ಳಿಗೆ ಮರುಳಾಗಿದ್ದರು. ಯಾವ ಗ್ರಾಹಕನೂ ಕೇಳದ ಆ ಎಸಳುಗಳು ಪೆಟ್ಟಿಗೆಯೊಳಗೆ ಯಾವುದೋ ಮೇಜನ್ನು ಕಾಯುತ್ತ ಇದ್ದುವು.

ಆಮೇಲೆ ಅವನು ಇನ್ನೂ ಹನ್ನೊಂದು ವರ್ಷಗಳಿಗಿಂತ ಹೆಚ್ಚು ಬದುಕಿದನು. ಸುಟ್ಟುಳಿದುದರಿಂದ ಮತ್ತೆ ಕಾರ್ಖಾನೆ ನಡೆಯಿತು, ಮತ್ತೆ ಚಿತ್ರಗಳು ಬಂದುವು, ಮತ್ತೆ ಸಾಲವಾಯಿತು. 1732ರ ಫೆಬ್ರವರಿ ತಿಂಗಳ ಕೊನೆಯಲ್ಲಿ, ತೊಂಬತ್ತಕ್ಕೆ ಕೆಲವೇ ತಿಂಗಳು ಉಳಿದಿರುವಾಗ, ಸಾಲವನ್ನು ಮಕ್ಕಳಿಗೆ ಬಿಟ್ಟು ತೀರಿಕೊಂಡನು. ಮಕ್ಕಳು ತಂದೆಯ ನಕ್ಷೆಗಳನ್ನೇ ತಿದ್ದಿ ತೀಡುತ್ತ ಬಡತನದಲ್ಲಿ ಬಾಳಿದರು. ಸ್ವಂತವಾದ ಹೆಸರು ಅವರಿಗೆ ಬರಲಿಲ್ಲ. ಕೊನೆಯವನಾದ ಶಾರ್ಲ್ ಜೋಸೆಫನು 1754ರವರೆಗೆ ಬದುಕಿದ್ದು, ಅವನ ಬಳಿ ಜರ್ಮನಿಯಿಂದ ಬಂದ ಓಬೆನನೆಂಬ ತರುಣನು ಕೆಲಸ ಮಾಡಿದನು. ಹದಿನೈದನೆಯ ಲೂಯಿಗಾಗಿ 1760ರಲ್ಲಿ ಒಂದು ಸುಪ್ರಸಿದ್ಧ ಬರೆಯುವ ಮೇಜನ್ನು ಆರಂಭಿಸಿದವನು ಈ ಓಬೆನನೇ. ಅವನು ಸತ್ತ ಮೇಲೆ ಅದನ್ನು 1769ರಲ್ಲಿ ಮುಗಿಸಿದವನು ಅವನ ಕೈಕೆಳಗೆ ಕಲಿತ ರೀಸೆನರನು. ಹೀಗೆ ವಿದ್ಯೆಯು ಮಕ್ಕಳ ಮೂಲಕ ಮಕ್ಕಳಲ್ಲದವರಿಗೆ ದಾಟಿತು.

ಬೂಲನು ತನ್ನ ಕೆಲಸದ ಮೇಲೆ ಎಲ್ಲಿಯೂ ಹೆಸರನ್ನು ಒತ್ತಲಿಲ್ಲ. ಲೂವ್ರಿನಲ್ಲಿದ್ದವನಿಗೆ ಸಂಘದ ಹಂಗಿರಲಿಲ್ಲ. ಕುಶಲಿಗರು ಮುದ್ರೆಯನ್ನೊತ್ತಬೇಕೆಂಬ ಕಟ್ಟಳೆ ಪ್ಯಾರಿಸಿನಲ್ಲಿ ಬಂದದ್ದೂ ಅವನು ಸತ್ತ ಮೇಲೆ. ಇತ್ತ ಅವನ ಮಾದರಿಯ ಮೇಲಣ ಮೋಹವು ಹೋಗಿ ಹೋಗಿ ಮರಳಿ ಬರುತ್ತಿದ್ದಿತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಬೂಲನ ಮಗನ ಬಳಿ ಕಲಿತ ಲವಸ್ಸೂರನು ಹಳೆಯವನ್ನು ದುರಸ್ತಿ ಮಾಡುತ್ತ ಹೊಸವನ್ನೂ ಅದೇ ಬಗೆಯಲ್ಲಿ ಮಾಡಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರು ಅವನ ಹೆಸರನ್ನು ಬುಹ್ಲ್ ಎಂದು ತಿರುಚಿ ಬರೆಯುತ್ತ ರಾಶಿರಾಶಿಯಾಗಿ ಕೊಂಡರು. ಕಾರ್ಖಾನೆಗಳು ತೆಳು ಹಿತ್ತಾಳೆಯಲ್ಲಿ ನಕಲುಗಳನ್ನು ಹೊರಡಿಸಿದುವು. ಆದುದರಿಂದ ಇಂದು ವಸ್ತುಸಂಗ್ರಹಾಲಯಗಳಲ್ಲಿ ಬೂಲನದೆಂದು ಫಲಕ ಹೊತ್ತ ವಸ್ತುಗಳಲ್ಲಿ ಅವನ ಕೈಯದೆಷ್ಟು, ಮಕ್ಕಳದೆಷ್ಟು, ಅನುಕರಿಸಿದವರದೆಷ್ಟು ಎಂಬ ಚರ್ಚೆ ಮುಗಿದಿಲ್ಲ. 1886ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ಪೀಠೋಪಕರಣ ಶಿಲ್ಪದ ಶಾಲೆಗೆ ಅವನ ಹೆಸರನ್ನಿಟ್ಟಿದ್ದಾರೆ. ಅದು ಈಗಲೂ ನಡೆಯುತ್ತಿದೆ.

ಒಂದೇ ಕೊಯ್ತದಲ್ಲಿ ಹುಟ್ಟಿದ ಮೊದಲ ಭಾಗವೂ ಪ್ರತಿಭಾಗವೂ ಜೊತೆಯಾಗಿ ಒಂದೇ ಕೋಣೆಯಲ್ಲಿ ನಿಲ್ಲಲೆಂದು ಮಾಡಿದವು. ಹ್ರಾಸವಾದ ಮನೆತನಗಳ ಹರಾಜುಗಳಲ್ಲಿ ಎಷ್ಟೋ ಜೋಡಿಗಳು ಅಗಲಿದುವು. ಒಂದು ಒಬ್ಬರ ಮನೆಗೆ, ಇನ್ನೊಂದು ಮತ್ತೊಬ್ಬರ ಮನೆಗೆ. ಪ್ಯಾರಿಸಿನ ಲೂವ್ರ್, ಲಂಡನ್ನಿನ ವಾಲೆಸ್ ಸಂಗ್ರಹ ಮೊದಲಾದೆಡೆಗಳಲ್ಲಿ ಇವುಗಳನ್ನು ಕಾಯುವವರಿಗೆ ಬಿಡುವಿಲ್ಲದ ಕೆಲಸ. ಮರವು ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗುವುದು. ಹಿತ್ತಾಳೆ ಶಾಖಕ್ಕೆ ತನ್ನದೇ ಅಳತೆಯಲ್ಲಿ ಹಿಗ್ಗುವುದು. ಮುನ್ನೂರು ವರ್ಷಗಳ ಅಂಟು ಇವೆರಡರ ಜಗಳದಲ್ಲಿ ಸೋತು ಬಿಡುವುದು. ಚಳಿಗಾಲದಲ್ಲಿ ಕೋಣೆಗಳನ್ನು ಬೆಚ್ಚಗಿಟ್ಟಾಗ ಬಳ್ಳಿಯ ತುದಿಯೊಂದು ಮೆಲ್ಲಗೆ ಮೇಲೇಳುತ್ತದೆ. ಅದನ್ನು ಕಂಡವರು ಅಡಿಯ ಹಳೆಯ ಅಂಟನ್ನು ಒರಸಿ, ಹೊಸದಾಗಿ ಅಂಟು ಹಚ್ಚಿ, ಬಳ್ಳಿಯನ್ನು ಅದರ ಕಿಂಡಿಗೆ ಮತ್ತೆ ಇಳಿಸಿ, ಒಣಗುವ ತನಕ ಮೇಲೆ ಭಾರವನ್ನಿಡುತ್ತಾರೆ.